ಹನ್ನೊಂದು ತುತ್ತು

"ಗುಡಿ ಮುಂದಿನ ಗಿಡಕ್ಕ ಕಟ್ಟಬ್ಯಾಡ್ರಲೇ, ಮೈಲಿಗಿ ಆಕೈತಿ! ಅಗಾ, ಆ ಕರೆಂಟ್ ಕಂಬಕ್ಕ ಕಟ್ರಿ ಬೋಸುಡಿಕೆನ್ನ!"

ಪೂಜಾರಿ ಹಾಲೇಶಯ್ಯ ಗುಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದ ಈ ಒಂದು ಮಾತಿನಿಂದ ತೆಲುಗು ಸೀಮೆಯ ಗಡಿಯಲ್ಲಿದ್ದ ಮರಡಿದೊಡ್ಡಿಯ ಬೇವಿನ ಮರ ಆ ದಿನ ಮೈಲಿಗೆಯಿಂದ ಪಾರಾಯಿತು. ಯರ್ರೆಪ್ಪ ಪಾರಾಗಲಿಲ್ಲ. ಅವನನ್ನು ಹತ್ತು ಮಾರು ಆಚೆಗೆ ಎಳೆಸಿ, ಗ್ರಾಮ ಸಚಿವಾಲಯದ ಮುಂದಿನ ಸಿಮೆಂಟು ಕಂಬಕ್ಕೆ ಎರಡೂ ಕೈ ಹಿಂದಕ್ಕೆ ತಿರುವಿ ಕಟ್ಟಿಸಿದರು. ಕಟ್ಟುವಾಗ ಮುಟ್ಟಬೇಕಾಗುತ್ತದಲ್ಲ, ಅದಕ್ಕೆ ಅವನ ಮಾದಿಗರ ಕೇರಿಯ ತಳವಾರನನ್ನೇ ಕರೆಸಿದ್ದರು. ಮಡಿಯ ವಿಷಯದಲ್ಲಿ ಊರು ಯಾವತ್ತೂ ಮೈಮರೆತದ್ದಿಲ್ಲ.

ಯರ್ರೆಪ್ಪನ ಹೆಂಡತಿ ಗಾದಿಲಿಂಗಮ್ಮ ಹತ್ತಿ ಬಿಡಿಸುತ್ತಿದ್ದ ಹೊಲದಿಂದ ಓಡಿ ಬಂದಳು. ನೆರೆಮನೆಯ ಹೂವಮ್ಮ ಬಂದು "ನಿನ್ನ ಗಂಡನ್ನ ಹಿಡದಾರಲೇ" ಎಂದು ಬಾಯಿ ಬಡಿದುಕೊಂಡಿದ್ದೇ ತಡ, ಸೊಂಟಕ್ಕೆ ಕಟ್ಟಿದ ಹತ್ತಿಯ ಉಡಿಯನ್ನೂ ಬಿಚ್ಚದೆ ಹೊರಟಿದ್ದಳು. ಬರುವಷ್ಟರಲ್ಲಿ ಊರಿನ ಗಂಡಸರೆಲ್ಲ ಕಂಬದ ಸುತ್ತ ನೆರೆದು, ಕಳ್ಳನಿಗೆ ಯಾವ ಶಿಕ್ಷೆ ಸರಿ ಎಂಬ ಬಗ್ಗೆ ತಮ್ಮ ತಮ್ಮ ಅಭಿಪ್ರಾಯ ಮಂಡಿಸುತ್ತಿದ್ದರು.

"ಕೈ ಕಡೀಬೇಕು. ಅರಬರ ದೇಶದಾಗ ಹಂಗ ಮಾಡ್ತಾರ, ಅದಕ್ಕ ಅಲ್ಲಿ ಬಂಗಾರ ಬೀದ್ಯಾಗ ಬಿದ್ದಿದ್ರೂ ಯಾರೂ ಮುಟ್ಟಂಗಿಲ್ಲ."

"ತಲಿ ಅರ್ಧ ಬೋಳಿಸಿ ಕತ್ತೆ ಮ್ಯಾಲೆ ಕುಂಡ್ರಿಸಿ ಮೆರವಣಿಗಿ ಮಾಡ್ರಿ."

"ಇಂಥವ್ರಿಗೆಲ್ಲ ಎನ್‌ಕೌಂಟರೇ ಕರೆಕ್ಟ್! ಖತಂ, ಕಥಿ ಮುಗೀತು!" ಹೀಗೆ ಎಲ್ಲರಿಗಿಂತ ಎತ್ತರದ ದನಿಯಲ್ಲಿ ಕೂಗಿದವನು ಗೋವರ್ಧನ. ಊರಿನ ಅರ್ಧ ಜಮೀನಿನ ಧಣಿ ದೊಡ್ಡಮನಿ ಯಂಕಣ್ಣನ ತಂಗಿಯ ಮಗ, ಮುಂದೆ ಅಳಿಯನಾಗಬೇಕಾದವನು. ಕರ್ನೂಲಿನಲ್ಲಿ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದು, ಮಾವನ ಮನೆಯಲ್ಲಿ ಫೋನು ಹಿಡಿದುಕೊಂಡು ಕೂತಿದ್ದ. ಈಗಲೂ ಒಂದು ಕೈಯಲ್ಲಿ ಫೋನು ಹಿಡಿದು ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದ.

ಹತ್ತು ದಿನದಲ್ಲಿ ಊರಿನ ಆರು ಬೋರುಗಳ ಮೋಟರು ಕೇಬಲ್ಲನ್ನು ಯಾರೋ ಕೊಯ್ದು ಒಯ್ದಿದ್ದರು. ಒಳಗಿನ ತಾಮ್ರಕ್ಕೆ ಎಮ್ಮಿಗನೂರಿನ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಯರ್ರೆಪ್ಪನ ಕೂಲಿ ಕೆಟ್ಟ ಮೋಟರುಗಳನ್ನು ಬೋರಿನಿಂದ ಮೇಲೆತ್ತುವುದು. ಊರಿನ ಒಂದೊಂದು ಬೋರಿನ ಆಳವೂ ಅವನಿಗೆ ಗೊತ್ತು. ಗೊತ್ತಿದ್ದವನೇ ಕಳ್ಳ. ಸಾಕ್ಷಿಯೂ ಸಿಕ್ಕಿತು: ಅವನ ಗುಡಿಸಲಿನ ಹಿಂದೆ ಬಟ್ಟೆ ಒಣಹಾಕಲು ಕಟ್ಟಿದ್ದ ಎರಡು ಮಾರು ಹಳೇ ಕೇಬಲ್ಲು.

"ಧಣೀ," ಗಾದಿಲಿಂಗಮ್ಮ ಯಂಕಣ್ಣನ ಕಾಲಿನ ಮುಂದೆ ನೆಲಕ್ಕೆ ಬಿದ್ದಳು. "ಆ ತುಂಡು ವೈರು ಹ್ವಾದ ವರ್ಷ ನೀವೇ ಕೊಟ್ಟಿದ್ರಲ್ಲರೀ, ಅರಿವಿ ಹಾಕ್ಕ್ಯಳಾಕ. ನೀವೇ ನಿಮ್ಮ ಕೈಯಾರೆ..."

"ನಾ ನಿನಗ ಕೈಯಾರೆ ಕೊಡಾಕ ನೀ ನನಗ ಏನಾಗಬೇಕಲೇ?" ಯಂಕಣ್ಣ ಸುತ್ತಲೂ ನೋಡಿದ. ಕೂಡಿದ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಬಕ್ಕೆ ಕಟ್ಟಿದ್ದ ಯರ್ರೆಪ್ಪ ಕಣ್ಣು ಮುಚ್ಚಿಕೊಂಡ.

ಆಮೇಲೆ ಹೊಡೆತ ಶುರುವಾಯಿತು. ಒಬ್ಬರೂ ಕೈಯಿಂದ ಮುಟ್ಟಲಿಲ್ಲ. ಯಂಕಣ್ಣ ನೀರಿನ ಪೈಪಿನ ತುಂಡಿನಿಂದ, ಗೋವರ್ಧನ ಬೈಕಿನ ಚೈನಿನಿಂದ, ಉಳಿದವರು ಬಡಿಗೆ, ಬಾರಕೋಲುಗಳಿಂದ. ಹಾಲೇಶಯ್ಯನೂ ಮೆಟ್ಟಿಲಿಳಿದು ಬಂದು ಕೊಡೆಯ ತುದಿಯಿಂದ ಪುಣ್ಯಕ್ಕೆ ಒಂದು ಕೊಟ್ಟು, ಕೊಡೆಗೆ ನೀರು ಚಿಮುಕಿಸಿಕೊಂಡು ವಾಪಸು ಹತ್ತಿದ. ಕುರಿ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಸುಂಕೇಶ ಇದನ್ನು ನೋಡುತ್ತ ನಿಂತಿದ್ದ. ಯಂಕಣ್ಣ ಅವನನ್ನು ಕರೆದ. "ಏ ಸುಂಕೇಶ, ಕೈಯಾಗ ಅಷ್ಟುದ್ದ ಕೋಲು ಹಿಡ್ಕಂಡು ಹೆಣ್ಮಕ್ಕಳಂಗ ನೋಡಾಕ ಹತ್ತೀಯಲ್ಲಲೇ. ಗಂಡಸ್ತನ ಇಲ್ಲೇನು?"

ಸುಂಕೇಶ ಸುತ್ತಲಿನ ಮುಖಗಳನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಕಂಬದ ಹಿಂದೆ ಹೋಗಿ ಕಟ್ಟಿದ್ದ ಬಲಗೈಯ ಮಣಿಕಟ್ಟಿನ ಮೇಲೆ ಒಂದೇ ಏಟು ಹಾಕಿದ. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಯರ್ರೆಪ್ಪ ಮೊದಲ ಸಲ ಕೂಗಿದ. ನಡುವೆ ನುಗ್ಗಿದ ಗಾದಿಲಿಂಗಮ್ಮನ ಬೆನ್ನಿಗೂ ಪೈಪು ಬಿತ್ತು. ಅವಳ ಉಡಿ ಬಿಚ್ಚಿ, ಬೆಳಗಿನಿಂದ ಬಿಡಿಸಿದ ಹತ್ತಿಯೆಲ್ಲ ಕಂಬದ ಸುತ್ತ ಚೆಲ್ಲಿತು. ಅದು ಯಂಕಣ್ಣನ ಹೊಲದ ಹತ್ತಿ. ಹೊಡೆದು ಸುಸ್ತಾಗಿದ್ದರೂ ಯಂಕಣ್ಣ, "ಅದನ್ನ ಆರಿಸಿ ಕೊಟ್ಟು ಹೋಗಲೇ" ಎಂದು ನೆನಪಿಸುವುದನ್ನು ಮರೆಯಲಿಲ್ಲ.

ಯರ್ರೆಪ್ಪನನ್ನು ಆದೋನಿಯ ದವಾಖಾನೆಗೆ ಸಾಗಿಸಿದ್ದು ದಸ್ತಗಿರಿಯ ಶೇರ್ ಆಟೋ. ಊರಿಂದ ಎಮ್ಮಿಗನೂರಿಗೂ ಆದೋನಿಗೂ ದಿನಾ ತಿರುಗುವ ಆಟೋ ಅದು. ಅವತ್ತು ಹತ್ತಿದ್ದ ನಾಲ್ಕು ಜನ ಪ್ಯಾಸೆಂಜರು ರಕ್ತ ನೋಡಿ ಇಳಿದುಬಿಟ್ಟರು. "ಇಳೀಲಿ ಬಿಡಕ್ಕಾ," ಎಂದ ದಸ್ತಗಿರಿ, "ಕಾಲು ಚಾಚಾಕ ಜಾಗ ಆತು."

*

ಎಡಗೈಯ ಕಥೆ ಹಳೆಯದು. ನಾಲ್ಕು ವರ್ಷದ ಹಿಂದೆ ಇದೇ ಯಂಕಣ್ಣನ ಬೋರಿನಿಂದ ಮೋಟರು ಎತ್ತುವಾಗ ಸರಪಳಿಯ ರಾಟೆಗೆ ಸಿಕ್ಕಿ ಮೂರು ಬೆರಳು, ಹೆಬ್ಬೆಟ್ಟು ಸಮೇತ, ಹೋಗಿದ್ದವು. ಅಲ್ಲಿಂದ ಯರ್ರೆಪ್ಪ ಬಲಗೈಯಲ್ಲೇ ದುಡಿದು, ಬಲಗೈಯಲ್ಲೇ ಉಂಡಿದ್ದ. ಈಗ ಬಲಗೈಯನ್ನು ನೋಡಿದ ಡಾಕ್ಟರು, ಎಲುಬು ಕೂಡುತ್ತದೆ, ನರ ಕೂಡುವುದಿಲ್ಲ, ಹಿಡಿತ ಬರುವುದಿಲ್ಲ ಎಂದರು.

ಮಗಳು ಹಾರಿಕಾ ಆದೋನಿಯಲ್ಲೇ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಸುದ್ದಿ ಕೇಳಿ ಓಡಿ ಬಂದವಳು ಅಪ್ಪನ ಮಂಚದ ಬದಿಯಲ್ಲಿ ಕೂತು ಫೋನು ನೋಡುತ್ತ ತುಟಿ ಕಚ್ಚಿಕೊಂಡಿದ್ದಳು. ಗೋವರ್ಧನ ತೆಗೆದ ವಿಡಿಯೋ ಆದೋನಿಯ ಯೂಟ್ಯೂಬ್ ಚಾನಲ್ಲಿನ ಲಕ್ಷ್ಮಿಕಾಂತನಿಗೆ ತಲುಪಿತ್ತು. ಲಕ್ಷ್ಮಿಕಾಂತ ಜನರ ದನಿಯನ್ನು ಜನರಿಗೇ ಮುಟ್ಟಿಸುವ ಪತ್ರಕರ್ತ. ವಿಡಿಯೋದ ಕೆಳಗೆ ಓಟು ಹಾಕಲು ಬಿಟ್ಟಿದ್ದ.

"ಏನು ಅದು? ಓದು," ಎಂದ ಯರ್ರೆಪ್ಪ.

"ಬ್ಯಾಡಪ್ಪಾ."

"ನನ್ನ ಬಗ್ಗೆನೇ ಐತಲ್ಲ, ಓದವಾ."

"ಕಳ್ಳರಿಗೆ ಎಂಥ ಶಿಕ್ಷೆ ಬೇಕು ಅಂತ ಕೇಳ್ಯಾನ. ಒಂದು, ಜೈಲು. ಎರಡು, ಕೈ ಕಡಿಯೋದು. ಮೂರು, ಎನ್‌ಕೌಂಟರ್."

"ಕಳವು ಮಾಡ್ಯಾನೋ ಇಲ್ಲೋ ನೋಡೋಣ ಅಂತ ನಾಕನೇದು ಇಲ್ಲೇನು?"

"ಮೂರೇ ಅದಾವು."

"ಯಾವುದು ಗೆದ್ದೈತಿ?"

"ಕೈ ಕಡಿಯೋದು. ನೂರಕ್ಕ ಅರವತ್ತು ಮಂದಿ. ಜೈಲಿಗೆ ಒಂಬತ್ತೇ. ಒಬ್ಬಾಕಿ ಬರದಾಳ, ಜೈಲಿನಾಗ ಇಟ್ಟು ನಮ್ಮ ಟ್ಯಾಕ್ಸಿನಾಗ ಚಿಕನ್ ತಿನಿಸ್ತಾರ ಅಂತ."

ಯರ್ರೆಪ್ಪ ಪಟ್ಟಿ ಸುತ್ತಿದ ಕೈ ನೋಡಿಕೊಂಡ. "ಕಡಿಲಿಲ್ಲ, ಬರೇ ಮುರದ್ರು. ಮಂದಿ ಮಾತಿಗಿ ಬೆಲಿ ಇಲ್ದಂಗಾತು." ಆಮೇಲೆ ಹೆಂಡತಿಯ ಕಡೆ ತಿರುಗಿದ. "ಚಿಕನ್ ಕೊಡ್ತಾರಂತ. ಖರೇ ಏನಲೇ?"

ಖರೆ ಅಲ್ಲ ಎಂದು ಅವನಿಗೆ ವಾರದಲ್ಲೇ ಗೊತ್ತಾಯಿತು. ದವಾಖಾನೆಯಿಂದ ಬಿಡುಗಡೆಯಾದ ದಿನವೇ ಪೊಲೀಸರು ಕೇಬಲ್ ಕಳವಿನ ಕೇಸಿನಲ್ಲಿ ಕರೆದೊಯ್ದು ಸಬ್ ಜೈಲಿಗೆ ಹಾಕಿದರು. ಅಲ್ಲಿ ಅವನಿಗೆ ಉಣಿಸುತ್ತಿದ್ದವನು ಕಳ್ಳಬಟ್ಟಿ ಕಾಸಿ ಸಿಕ್ಕಿಬಿದ್ದ ಒಬ್ಬ ಮುದುಕ.

ಇತ್ತ ಗಾದಿಲಿಂಗಮ್ಮ ಮಗಳಿಂದ ತೆಲುಗಿನಲ್ಲಿ ಅರ್ಜಿ ಬರೆಸಿಕೊಂಡು ಠಾಣೆಗೆ ಹೋದಳು. ಎಸ್ಸೈ ಓದಿ ನಕ್ಕ. "ಊರಿಗೆ ಊರೇ ಹೊಡೆದಿದ್ದರೆ ಯಾರ ಮೇಲಂತ ಕೇಸು ಹಾಕಲಮ್ಮಾ? ಪಬ್ಲಿಕ್ ಕೋಪ ಅದು."

ಹಾರಿಕಾ ಫೋನು ಮುಂದೆ ಹಿಡಿದಳು. ಹೊಡೆದವರು ತಮ್ಮ ಮುಖ ಸರಿಯಾಗಿ ಕಾಣುವ ಹಾಗೆ, ಒಬ್ಬೊಬ್ಬರಾಗಿ, ಹೆಮ್ಮೆಯಿಂದ ವಿಡಿಯೋದಲ್ಲಿ ನಿಂತಿದ್ದರು. ಗೋವರ್ಧನ ತನ್ನದನ್ನೂ ಸೆಲ್ಫಿ ತಿರುಗಿಸಿ ತೆಗೆದುಕೊಂಡಿದ್ದ. ಗಾದಿಲಿಂಗಮ್ಮ ಬೆರಳು ಮಡಚುತ್ತ ಹೆಸರು ಹೇಳುತ್ತ ಹೋದಳು. ಯಂಕಣ್ಣನಿಂದ ಶುರುವಾಗಿ ಸುಂಕೇಶನ ತನಕ ಹನ್ನೊಂದಾಯಿತು.

"ಜಾತಿ ಸೆಕ್ಷನ್ನೂ ಹಾಕ್ರಿ ಸಾರ್," ಎಂದಳು ಹಾರಿಕಾ.

"ಜಾತಿ ಎಲ್ಲಿ ಬಂತಮ್ಮಾ? ಕಳ್ಳ ಅಂತ ಹೊಡೆದಿದ್ದಾರೆ, ಜಾತಿ ನೋಡಿ ಹೊಡೆದಿಲ್ಲ."

"ಗುಡಿ ಗಿಡಕ್ಕ ಕಟ್ಟಬ್ಯಾಡ್ರಿ, ಮೈಲಿಗಿ ಆಕೈತಿ ಅಂದಾರ. ಅದೂ ಇದರಾಗ ಕೇಳಸ್ತೈತಿ."

"ಅದು ಗಿಡದ ವಿಷಯ," ಎಂದು ಎಸ್ಸೈ ತಿಳಿಹೇಳಿದ. ಕೊನೆಗೆ ಬರೀ ಹೊಡೆದು ಗಾಯ ಮಾಡಿದ ಕೇಸು ಬರೆದುಕೊಂಡ.

*

ಯರ್ರೆಪ್ಪ ಸಬ್ ಜೈಲಿನಲ್ಲಿದ್ದಾಗಲೇ ಊರಲ್ಲಿ ಇನ್ನೂ ಮೂರು ಬೋರಿನ ಕೇಬಲ್ಲು ಹೋದವು. ಊರು ಬೆಚ್ಚಿತು. ಆದರೆ ಅಭಿಪ್ರಾಯ ಬದಲಿಸಲಿಲ್ಲ. ಜೈಲಿನೊಳಗಿಂದಲೇ ಮಾಡಿಸುತ್ತಿದ್ದಾನೆ, ಅವನಿಗೆ ದೊಡ್ಡ ಗ್ಯಾಂಗು ಇದೆ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಗುಡಿಸಲಿಗೆ ಕದವಿಲ್ಲದ, ಜೈಲಿನಲ್ಲಿ ತಾನಾಗಿ ತುತ್ತು ಎತ್ತಲಾರದ ಯರ್ರೆಪ್ಪನ ಕೀರ್ತಿ ಅಷ್ಟು ಎತ್ತರಕ್ಕೆ ಹಿಂದೆಂದೂ ಏರಿರಲಿಲ್ಲ.

ದಸ್ತಗಿರಿಗೆ ಮಾತ್ರ ಒಂದು ಸಂಶಯ ಕೊರೆಯುತ್ತಿತ್ತು. ಎರಡು ಸಲ ಗೋವರ್ಧನ ಅವನ ಆಟೋದಲ್ಲಿ ಚೀಲ ಹಾಕಿಕೊಂಡು ಎಮ್ಮಿಗನೂರಿಗೆ ಹೋಗಿದ್ದ. ಏನಿದೆ ಎಂದರೆ "ಮನಿ ಜ್ವಾಳ" ಎಂದಿದ್ದ. ಜೋಳದ ಚೀಲ ಎತ್ತಿಳಿಸಿ ರೂಢಿಯಿದ್ದ ದಸ್ತಗಿರಿಗೆ, ಅಷ್ಟು ಸಣ್ಣ ಚೀಲ ಅಷ್ಟು ಭಾರವಿದ್ದದ್ದು ನೆನಪಿತ್ತು. ಮೂರನೆಯ ಸಲ ಗೋವರ್ಧನ ಚೀಲ ಹಿಡಿದು ಹತ್ತಿದಾಗ ದಸ್ತಗಿರಿ ಏನೂ ಕೇಳಲಿಲ್ಲ. ಎಮ್ಮಿಗನೂರಿಗೆ ತಿರುಗುವ ಬದಲು ಆಟೋವನ್ನು ನೇರ ಠಾಣೆಯ ಮುಂದೆ ತಂದು ನಿಲ್ಲಿಸಿದ.

"ಇಲ್ಲಿ ಯಾಕಲೇ ನಿಲ್ಲಿಸ್ದಿ?"

"ಜ್ವಾಳ ತೂಕ ಮಾಡ್ಸೋಣಂತ ಸಾಮಿ."

ಚೀಲದಲ್ಲಿ ಸಿಪ್ಪೆ ಸುಟ್ಟು ತೆಗೆದ ತಾಮ್ರ ಹೊಳೆಯುತ್ತಿತ್ತು. ಗೋವರ್ಧನ ಫೋನಿನ ಜೂಜಾಟದಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಮೊದಲು ಮಾವನ ಬೋರಿಗೇ ಕೈ ಹಾಕಿದ್ದ. ಠಾಣೆಯಲ್ಲಿ ಅವನಿಗೆ ಕುರ್ಚಿ ಹಾಕಿದರು. ಟೀ ತರಿಸಿದರು, ಸಂಜೆಗೆ ಮನೆಗೆ ಕಳಿಸಿದರು. ಇನ್ನೊಂದು ವಾರಕ್ಕೆ ಯರ್ರೆಪ್ಪನನ್ನು ಬಿಟ್ಟರು. ಬಿಡುವಾಗ ಯಾರೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು, ಅವನ ಮೇಲೆ ಈಗ ಕೇಸೇ ಉಳಿದಿರಲಿಲ್ಲವಲ್ಲ.

ಲಕ್ಷ್ಮಿಕಾಂತ ಈ ಸುದ್ದಿಗೆ ಮೈಕು ಹಿಡಿದು ಬರಲಿಲ್ಲ, ಓಟಿಗೂ ಬಿಡಲಿಲ್ಲ. ಬೇರೆ ಸುದ್ದಿಗಳು ಜಾಸ್ತಿಯಿದ್ದವಂತೆ.

ಮನೆಗೆ ಬಂದ ಯರ್ರೆಪ್ಪ ಮಾತು ಕಡಿಮೆ ಮಾಡಿದ. ಗಾದಿಲಿಂಗಮ್ಮ ಕೂಲಿಗೆ ಹೋಗುವ ಮುಂಚೆ ಉಣಿಸಿ ಹೋಗುತ್ತಿದ್ದಳು, ಬಂದು ಉಣಿಸುತ್ತಿದ್ದಳು. ನಡುವೆ ಹಸಿವಾದರೂ ಅವನು ಹೂವಮ್ಮನ ಕೈಯಿಂದ ಉಣ್ಣುತ್ತಿರಲಿಲ್ಲ. ಒಂದು ದಿನ ಗಾದಿಲಿಂಗಮ್ಮ ಬೇಗ ಬಂದಾಗ, ಗಂಡ ಗಂಗಾಳದ ಮುಂದೆ ಮೊಣಕಾಲೂರಿ, ನಾಯಿಯ ಹಾಗೆ ಬಾಯಿ ಇಟ್ಟು ಅನ್ನ ತಿನ್ನುತ್ತಿದ್ದ. ಅವಳು ಹೊರಗೇ ನಿಂತಳು. ಅವನು ಉಂಡು ಮುಗಿಸಿ ಮೂತಿಯನ್ನು ಭುಜಕ್ಕೆ ಒರೆಸಿಕೊಂಡ ಮೇಲೆ, ಆಗತಾನೇ ಬಂದವಳ ಹಾಗೆ ಕೆಮ್ಮಿ ಒಳಗೆ ಹೋದಳು.

*

ಕೋರ್ಟಿನಿಂದ ಹನ್ನೊಂದು ಜನಕ್ಕೂ ಸಮನ್ಸು ಬಂದ ಮೇಲೆ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಮೊದಲು ಗೋವರ್ಧನನ ಶಿಕ್ಷೆಯ ಮಾತು ಬಂತು. ಅವತ್ತು ಕೈ ಕಡಿಯಿರಿ ಎಂದಿದ್ದ ಬಾಯಿಗಳೇ ಎಷ್ಟು ಮೃದುವಾಗಬಲ್ಲವು ಎಂಬುದನ್ನು ಗಾದಿಲಿಂಗಮ್ಮ ಕಟ್ಟೆಯ ಕೆಳಗೆ ನಿಂತು ಕೇಳಿದಳು.

"ವಯಸ್ಸು ಸಣ್ಣದು. ಬುದ್ಧಿ ಜಾರೈತಿ."

"ಹುಡುಗಂದೇನು ತಪ್ಪು? ಆ ದರಿದ್ರ ಫೋನಿಂದು ತಪ್ಪು."

"ಓದಿದ ಹುಡುಗ. ಜೈಲಿಗೆ ಹಾಕಿದ್ರ ಅಲ್ಲಿ ಕಳ್ಳರ ಸವಾಸದಾಗ ಕೆಟ್ಟು ಹೋಗ್ತಾನ."

ಹಿಂದೆ ಅರಬರ ದೇಶದ ಕಾನೂನು ಹೇಳಿದವನೇ ಈಗ, "ಶಿಕ್ಷಾ ಅಂದ್ರ ಮನ್ಷ್ಯಾ ತಿದ್ದಿಕೊಳ್ಳಂಗ ಇರಬೇಕ್ರಿ" ಎಂದ. ಹಾಲೇಶಯ್ಯ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟ: ಗೋವರ್ಧನ ಗುಡಿಗೆ ನೂರೊಂದು ಪ್ರದಕ್ಷಿಣೆ ಹಾಕಬೇಕು. ಬಿಸಿಲು ಜೋರಾಗಿದ್ದುದರಿಂದ ಅದನ್ನು ಅಲ್ಲೇ ಹನ್ನೆರಡಕ್ಕೆ ಇಳಿಸಲಾಯಿತು. ಆರು ಮುಗಿಯುವಷ್ಟರಲ್ಲಿ ಅಪರಾಧಿಗೆ ಫೋನು ಬಂದು ಅವನು ಪಕ್ಕಕ್ಕೆ ಹೋದ. ಮತ್ತೆ ಬರಲಿಲ್ಲ.

"ಏ ಗಾದಿಲಿಂಗಿ," ಯಂಕಣ್ಣ ಈಗ ಕೆಳಗೆ ನೋಡಿದ. "ಆಗಿದ್ದು ಆತು. ಗೊತ್ತಿಲ್ದ ನಾಕು ಏಟು ಬಿದ್ದಾವು. ಎರಡು ಮೂಟಿ ಜ್ವಾಳ ಕಳಿಸ್ತೀನಿ, ನಿನಗೊಂದು ಸೀರಿ. ಸ್ವಾಮಾರ ಕೋರ್ಟಿಗಿ ಬಂದು ರಾಜಿ ಆಗೀವಿ ಅಂತ ಬೆಟ್ಟು ಒತ್ತಿ ಬಾ."

"ಆಗ್ತೀನಿ ಧಣೀ," ಎಂದಳು ಗಾದಿಲಿಂಗಮ್ಮ.

ಕಟ್ಟೆಯ ಮೇಲೆ ಹಗುರಾದ ಗಾಳಿ ಬೀಸಿದ ಹಾಗಾಯಿತು. "ನೋಡ್ರಿ, ಬಡವರಾದ್ರೂ ಗುಣ ಐತಿ," ಎಂದರು ಯಾರೋ.

"ಜ್ವಾಳ ಬ್ಯಾಡ. ಸೀರಿ ಬ್ಯಾಡ. ನಿಮಗ ಜೈಲೂ ಬ್ಯಾಡ."

"ಮತ್ತೇನು ಬೇಕಲೇ?"

"ನನ್ನ ಗಂಡಗ ಎರಡೂ ಕೈ ಇಲ್ಲ. ಅನ್ನ ಎತ್ತಿ ಬಾಯಿಗಿ ಇಡಾಕ ಬರಂಗಿಲ್ಲ. ಹೊಡದೋರು ಹನ್ನೊಂದು ಮಂದಿ. ದಿನಕ್ಕ ಒಬ್ಬರು ಮಧ್ಯಾಹ್ನ ನಮ್ಮ ಮನಿಗಿ ಬರ್ರಿ. ನಾ ಮಾಡಿದ ಅನ್ನ, ನನ್ನ ಗಂಗಾಳದಾಗ, ನಿಮ್ಮ ಕೈಲೆ ಕಲಸಿ, ಅವನ ಬಾಯಾಗ ಒಂದು ತುತ್ತು ಇಡ್ರಿ. ಚಮಚ ಅಲ್ಲ, ಕೈಲೆ. ಆಮ್ಯಾಲೆ ಅವನ ಬಾಯಿ ತೊಳೀರಿ. ಹನ್ನೊಂದು ದಿನ, ಹನ್ನೊಂದು ತುತ್ತು. ಎಲ್ಲಿ ಬೆಟ್ಟು ಒತ್ತು ಅಂತೀರೋ ಅಲ್ಲಿ ಒತ್ತತೀನಿ."

ಹಾಲೇಶಯ್ಯ ಎರಡೂ ಕಿವಿ ಮುಚ್ಚಿಕೊಂಡು "ಶಿವಶಿವಾ" ಎಂದ. ಯಂಕಣ್ಣನ ಮುಖ ಹುಣಸೆಹಣ್ಣು ತಿಂದ ಹಾಗಾಯಿತು.

"ಹಲ್ಕಟ್ ರಂಡೆ! ಏನು ಮಾತಾಡಾಕ ಹತ್ತೀದಿ ಗೊತ್ತೈತಿಲ್ಲೋ?"

"ಮನುಷ್ಯಾಳೇನ ನೀನು?" ಕತ್ತೆಯ ಮೆರವಣಿಗೆ ಕೇಳಿದ್ದವನು ಎದ್ದೇ ನಿಂತ. "ಇಂಥ ಶಿಕ್ಷಾ ವೈರಿಗೂ ಯಾರಾದ್ರೂ ಕೊಡ್ತಾರೇನು? ಕರುಣಾ ಅನ್ನೋದು ಬ್ಯಾಡೇನು ಒಂದು ಚೂರು?"

ಶಿಕ್ಷೆಗೂ ಒಂದು ಮಿತಿ ಇರಬೇಕು ಎಂದು ಮರಡಿದೊಡ್ಡಿಗೆ ಹೊಳೆದದ್ದು ಆ ದಿನ.

"ಒಂದು ತುತ್ತು ಧಣೀ," ಎಂದಳು ಗಾದಿಲಿಂಗಮ್ಮ. "ಕೈ ಕಡದ್ರೂ ನಡೀತೈತಿ ಅಂದೋರಿಗೆ, ಕೈ ಹೊಲಸಾದ್ರ ನಡಿಯಂಗಿಲ್ಲೇನು?" ಅಷ್ಟು ಹೇಳಿ ಕೇರಿಯ ಕಡೆ ನಡೆದಳು. ಹಿಂದಿನಿಂದ ಬೈಗುಳವೂ ಒಂದು ಕಲ್ಲೂ ಬಂದವು. ಕಲ್ಲು ತಾಕಲಿಲ್ಲ.

*

ಮರುದಿನದಿಂದ ಕೇರಿಯ ಹೆಂಗಸರನ್ನು ಊರಿನ ಹೊಲಗಳಿಗೆ ಕರೆಯುವುದು ನಿಂತಿತು. ಗಿರಣಿಯಲ್ಲಿ ಅವರ ಹಿಟ್ಟು ಬೀಸುವುದೂ ನಿಂತಿತು. ಹೂವಮ್ಮ ಬಂದು ಜಗಳ ತೆಗೆದಳು. "ನಿನ್ನ ಗಂಡನ ಒಂದು ತುತ್ತಿಗಿ ನಮ್ಮೆಲ್ಲರ ತುತ್ತು ಹೋತಲ್ಲೇ." ಗಾದಿಲಿಂಗಮ್ಮ ಅತ್ತಳು. ಮರುದಿನ ದಸ್ತಗಿರಿಯ ಆಟೋ ಬಂತು. ಹದಿಮೂರು ಹೆಂಗಸರು ಒಬ್ಬರ ಮೇಲೊಬ್ಬರು ಕೂತು ಎಂಟು ಮೈಲಿ ಆಚೆಯ ಊರಿಗೆ ಹತ್ತಿ ಬಿಡಿಸಲು ಹೋದರು. ಬೈಯುತ್ತಲೇ ಹೂವಮ್ಮನೂ ಗಾದಿಲಿಂಗಮ್ಮನ ತೊಡೆಯ ಮೇಲೆ ಕೂತಳು. ಮರಡಿದೊಡ್ಡಿಯಲ್ಲಿ ಯಂಕಣ್ಣನ ಹತ್ತಿ ಗಿಡದಲ್ಲೇ ಒಡೆದು ಗಾಳಿಗೆ ಹಾರತೊಡಗಿತು.

ಈ ಸಲ ಲಕ್ಷ್ಮಿಕಾಂತನಿಗೆ ಬಿಡುವಾಯಿತು. 'ಇದು ನ್ಯಾಯವಾ, ಕ್ರೌರ್ಯವಾ?' ಎಂದು ಓಟಿಗೆ ಬಿಟ್ಟ. ಕ್ರೌರ್ಯವೇ ದೊಡ್ಡ ಅಂತರದಿಂದ ಗೆದ್ದಿತು. 'ಮಾನವೀಯತೆ ಸತ್ತಿದೆ' ಎಂದು ಒಬ್ಬ ಬರೆದಿದ್ದ. ಯರ್ರೆಪ್ಪನಿಗೆ ಎನ್‌ಕೌಂಟರ್ ಕೇಳಿದ್ದವನೂ ಅವನೇ ಎಂದು ಹಾರಿಕಾ ಹೆಸರು ನೋಡಿ ಗುರುತಿಸಿದಳು.

ಸೋಮವಾರ ಕೋರ್ಟಿನಲ್ಲಿ ಹನ್ನೊಂದು ಜನ ಸಾಲಾಗಿ ನಿಂತರು. ಹಾಲೇಶಯ್ಯ ಕೊಡೆ ತಂದಿರಲಿಲ್ಲ. ಜಡ್ಜಮ್ಮ ಕಾಗದ ನೋಡಿ, ರಾಜಿಗೆ ಒಪ್ಪಿಗೆಯೇ ಎಂದು ಗಾದಿಲಿಂಗಮ್ಮನನ್ನು ತೆಲುಗಿನಲ್ಲಿ ಕೇಳಿದರು. "ಏಮ್ಮಾ, ರಾಜೀಕಿ ನೀಕು ಇಷ್ಟಮೇನಾ?"

"ನಾಕು ಇಷ್ಟಮೇ ಅಮ್ಮಾ. ವಾಳ್ಳಕೇ ಇಷ್ಟಂ ಲೇದು," ಎಂದಳು ಗಾದಿಲಿಂಗಮ್ಮ. ತನಗೆ ಒಪ್ಪಿಗೆ, ಒಪ್ಪದವರು ಅವರೇ ಎಂದು. ಮತ್ತೆ ತನ್ನ ಷರತ್ತನ್ನು ಹೇಳಿದಳು.

ಯಂಕಣ್ಣನ ವಕೀಲ ಎದ್ದು, ಇಂಥ ಶಿಕ್ಷೆ ಯಾವ ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲ ಎಂದು ವಾದಿಸಿದ. ಜಡ್ಜಮ್ಮ ಕನ್ನಡಕ ತೆಗೆದು ಒರೆಸಿದರು. ಇದು ಶಿಕ್ಷೆ ಅಲ್ಲ, ಆಕೆ ಕೇಳುತ್ತಿರುವ ರಾಜಿ; ಬಲವಂತವಿಲ್ಲ, ಆಗುತ್ತದೋ ಇಲ್ಲವೋ ಅಷ್ಟೇ ಹೇಳಿ ಎಂದು ಆ ಹನ್ನೊಂದು ಜನರನ್ನೇ ಕೇಳಿದರು. ಹತ್ತು ತಲೆಗಳು ಹಾಲೇಶಯ್ಯನ ಕಡೆ ತಿರುಗಿದವು. ಹಾಲೇಶಯ್ಯ ಫ್ಯಾನು ನೋಡುತ್ತಿದ್ದ.

ಕೊನೆಗೆ ಯಂಕಣ್ಣ ಕೈ ಮುಗಿದ. "ಅಮ್ಮಾ, ತಾವು ಜೈಲೇ ಹಾಕ್ರಿ."

ರಾಜಿ ಮುರಿಯಿತು. ವಿಚಾರಣೆಗೆ ಮುಂದಿನ ತಿಂಗಳ ವಾಯಿದೆ ಬಿತ್ತು. ಮುಗಿಯಲು ಮೂರು ವರ್ಷವೋ, ಐದೋ ಎಂದು ವಕೀಲ ಹೊರಗೆ ಯಂಕಣ್ಣನಿಗೆ ಧೈರ್ಯ ಹೇಳುತ್ತಿದ್ದ. "ಅಲ್ಲೀತನ ಯಾರು ಇರ್ತಾರ, ಯಾರು ಹೋಗ್ತಾರ," ಎಂದು ಯರ್ರೆಪ್ಪನ ಕಡೆ ಕಣ್ಣು ಹಾಯಿಸಿದ.

*

ಎಂಟು ದಿನ ಕಳೆದು, ನಡುಮಧ್ಯಾಹ್ನ, ಸುಂಕೇಶ ಕೇರಿಯ ಬಾಯಿಗೆ ಬಂದು ನಿಂತ. ಜೊತೆಗೆ ಕುರಿಗಳಿರಲಿಲ್ಲ. ಕೇರಿಯ ನಾಯಿಗಳು ಬೊಗಳಿದವು.

"ಯಾಕ ಬಂದಿ?" ಗಾದಿಲಿಂಗಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ತುತ್ತು ಇಡಾಕ ಬಂದೀನಕ್ಕಾ." ಅವನು ನೆಲ ನೋಡುತ್ತಿದ್ದ. "ಅವ್ರು ಜೈಲಿಗಿ ಹೋದ್ರ ಅವರ ಹೊಲಾ ನೋಡಾಕ ಆಳು ಅದಾರ. ನಾ ಹೋದ್ರ ನನ್ನ ಕುರಿ ಕಾಯೋರು ಯಾರೂ ಇಲ್ಲ." ತನ್ನ ಬಲಗೈ ನೋಡಿಕೊಂಡ. "ಅವತ್ತು ಆ ಸಪ್ಪಳ... ಕುರಿ ಕಾಲಾಗ ಕಡ್ಡಿ ಮುರದ್ರೂ ನನಗ ಅದೇ ಕೇಳಸ್ತೈತಿ."

ಅವನ ಹಿಂದೆಯೇ ಸುದ್ದಿಯೂ ಬಂದಿತ್ತು. ಕೇರಿಯ ಆಚೆ, ಚರಂಡಿಯ ಆ ಕಡೆ ಒಬ್ಬೊಬ್ಬರಾಗಿ ಹೊಡೆದವರೆಲ್ಲ ಸೇರಿದರು. ಯಂಕಣ್ಣ ಬಂದ. ಗೋವರ್ಧನ ಬಂದ. ಹಾಲೇಶಯ್ಯ ಚರಂಡಿ ದಾಟದೆ ನಿಂತು ಕೂಗಿದ. "ಏ ಸುಂಕೇಶ! ಅವನ ಬಾಯಿ ಮುಟ್ಟಿದಿ ಅಂದ್ರ ಗುಡಿ ಮೆಟ್ಲು ಹತ್ತಂಗಿಲ್ಲ, ನಿನ್ನ ಮನ್ಯಾಗ ಹೆಣ ಬಿದ್ರೂ ಊರು ಬರಂಗಿಲ್ಲ! ತಿಳ್ಕ!"

ಸುಂಕೇಶ ತಿರುಗಿ ನೋಡಲಿಲ್ಲ. ಹಾಸ್ಟೆಲಿನಿಂದ ಬಂದಿದ್ದ ಹಾರಿಕಾ ಚೆಂಬಿನಿಂದ ನೀರು ಹಾಕಿದಳು, ಕೈ ತೊಳೆದುಕೊಂಡ. ಗಾದಿಲಿಂಗಮ್ಮ ಗಂಗಾಳದಲ್ಲಿ ಬಿಸಿ ಅನ್ನ, ಮೇಲೆ ಬೇಳೆ ಹಾಕಿ ತಂದಿಟ್ಟಳು. ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ ಯರ್ರೆಪ್ಪನ ಎದುರು ಸುಂಕೇಶ ಮಂಡಿಯೂರಿದ. ಕಲಸಿದ. ತುತ್ತು ಮಾಡಿ ಯರ್ರೆಪ್ಪನ ಬಾಯಿಯ ಹತ್ತಿರ ಹಿಡಿದ.

ಯರ್ರೆಪ್ಪ ಬಾಯಿ ತೆರೆಯಲಿಲ್ಲ.

"ತೆಗಿ," ಎಂದಳು ಗಾದಿಲಿಂಗಮ್ಮ. "ಬಾಯಿ ತೆಗಿ ಅಂದ್ರ. ಇದಕ್ಕ ಕೇರಿಗಿ ಕೇರಿನೇ ಉಪಾಸ ಬಿದ್ದೈತಿ."

"ನನ್ನ ಯಾರು ಕೇಳಿದ್ರಿ?" ಯರ್ರೆಪ್ಪನ ದನಿ ಏರಲಿಲ್ಲ. "ಕಂಬಕ್ಕ ಕಟ್ಟುವಾಗ ಯಾರೂ ಕೇಳಲಿಲ್ಲ. ಫೋನಿನಾಗ ಓಟು ಹಾಕುವಾಗ ಯಾರೂ ಕೇಳಲಿಲ್ಲ. ಕಟ್ಟಿ ಮುಂದ ನಿಂತು ನೀ ತುತ್ತು ಕೇಳಿದೆಲ್ಲ, ನನ್ನ ಕೇಳಿದೇನು?"

ಖರೆಯೇ, ಗಾದಿಲಿಂಗಮ್ಮನೂ ಕೇಳಿರಲಿಲ್ಲ. ಗಂಗಾಳಕ್ಕೆ ಬಾಯಿ ಇಟ್ಟಿದ್ದ ಗಂಡನನ್ನು ಕಂಡ ದಿನವೇ ಅವಳೊಳಗೆ ಆ ಮಾತು ಹುಟ್ಟಿತ್ತು. ಕಂಡೆ ಎಂದು ಅವನಿಗೆ ಹೇಳುವ ಧೈರ್ಯ ಬಂದಿರಲಿಲ್ಲ.

"ಈಗ ಕೇಳ್ತೀನಿ," ಎಂದಳು ಮೆಲ್ಲಗೆ. "ಏನು ಮಾಡಾಣ, ನೀನೇ ಹೇಳು."

ಯರ್ರೆಪ್ಪ ಸುಂಕೇಶನನ್ನು ನೋಡಿದ. ಅವನ ಭುಜದ ಮೇಲಿಂದ ಚರಂಡಿಯಾಚೆ ನಿಂತವರನ್ನು ನೋಡಿದ. ಗಾಳಿಯಲ್ಲಿ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಉಣ್ತೀನಿ. ಆದ್ರ ಬರೇ ಈ ಬಡವನ ಕೈಯಿಂದ ಉಂಡ್ರ ಉಳಿದೋರು ಬಚಾವ್ ಆಗ್ತಾರ. ಇನ್ನೂ ಹತ್ತು ಮಂದಿ ಅಲ್ಲೇ ನಿಂತಾರಲ್ಲ, ಅವರೂ ಬರಲಿ. ಬಂದು ಸಾಲಾಗಿ ಕುಂಡ್ರಲಿ. ಸುಂಕೇಶಾ, ಅಲ್ಲೀತನ ನೀ ಹಿಂಗೇ ಹಿಡ್ಕಂಡಿರು. ಕೈ ಇಳಿಸಬ್ಯಾಡ."

ಸುಂಕೇಶ ಕೈ ಇಳಿಸಲಿಲ್ಲ.

ಬಿಸಿಲು ನೆತ್ತಿಯಿಂದ ಜಾರಿತು. ಬೇಳೆ ಅವನ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಮಣ್ಣಿಗೆ ತೊಟ್ಟಿಕ್ಕಿತು. ನೊಣ ಬಂದು ತುತ್ತಿನ ಮೇಲೆ ಕೂತಿತು, ಹಾರಿತು, ಮತ್ತೆ ಕೂತಿತು. ತೋಳು ಭುಜದಿಂದಲೇ ಅದುರತೊಡಗಿದಾಗ ಅವನು ಇನ್ನೊಂದು ಕೈಯನ್ನು ಅದರ ಕೆಳಗೆ ಆಸರೆ ಕೊಟ್ಟ. ಚರಂಡಿಯ ಆಚೆ ಹತ್ತು ಜನ ನಿಂತೇ ಇದ್ದರು. ಒಬ್ಬನೂ ಮನೆಗೆ ಹೋಗಲಿಲ್ಲ, ಒಬ್ಬನೂ ಚರಂಡಿ ದಾಟಲಿಲ್ಲ.